ಚರಗ ಚೆಲ್ಲಿ ಹೊಳ್ಳಿ ನೋಡಬಾರದು

ಹೋದ ವಾರ ಇನ್ನೊಂದು ಛತ್ರಿ ಕಳೆದುಕೊಂಡೆ. ಎಸ್‌ಟಿ ಬಸ್ಸಿನ ಕಿಟಕಿಗೆ ಒರಗಿಸಿ ಇಟ್ಟಿದ್ದೆ. ನಾನಿರುವ ಜತ್ತ ಬಂತು, ಎದ್ದೆ, ಇಳಿದೆ, ಮನೆಯ ಕಡೆ ನಡೆದೆ. ಛತ್ರಿ ನನ್ನನ್ನು ಬಿಟ್ಟು ಸಾಂಗಲಿಗೆ ಹೋಯಿತು.

"ಏಳುವಾಗ ಒಂದ ಸಲ ಸೀಟಿನ ಕಡೆ ಹೊಳ್ಳಿ ನೋಡಿದ್ರ ನಿಮ್ಮ ಗಂಟೇನ್ ಹೋಗತೈತ್ರಿ?" ಎಂದಳು ಕಸ್ತೂರಿ, ನನ್ನ ಹೆಂಡತಿ. ಬಾಗಿಲಲ್ಲಿ ನನ್ನ ಬರಿಗೈ ನೋಡಿದರೆ ಅವಳಿಗೆ ಎಲ್ಲ ತಿಳಿಯುತ್ತದೆ. ಛತ್ರಿ, ಊಟದ ಡಬ್ಬಿ, ಕನ್ನಡಕ, ಒಂದು ಸಲ ಅವಳ ತವರಿಂದ ಬಂದ ಶೇಂಗಾ ಹೋಳಿಗೆಯ ಗಂಟು, ಎಲ್ಲವೂ ಹೀಗೆಯೇ ಬಸ್ಸಿನಲ್ಲಿ ಮುಂದೆ ಹೋಗಿವೆ. ಯಾವುದೋ ಊರಿನಲ್ಲಿ ಯಾರೋ ಪುಣ್ಯಾತ್ಮರು ನನ್ನ ಕನ್ನಡಕ ಹಾಕಿಕೊಂಡು ನನ್ನ ಛತ್ರಿ ಹಿಡಿದು ಓಡಾಡುತ್ತಿರಬಹುದು.

ಇದು ಮರೆವಲ್ಲ. ನನಗೆ ಹೊಳ್ಳಿ ನೋಡುವುದು ಬರುವುದಿಲ್ಲ. ಯಾರಾದರೂ ಹಿಂದಿನಿಂದ ಕೂಗಿದರೆ ನಿಂತುಬಿಡುತ್ತೇನೆ, ಅವರೇ ಸುತ್ತಿ ಮುಂದೆ ಬರಬೇಕು. ಇದರಿಂದ ನನ್ನನ್ನು ಸೊಕ್ಕಿನವನು ಎಂದವರುಂಟು, ಕಿವುಡನೆಂದು ತಿಳಿದು ಜೋರಾಗಿ ಮಾತಾಡಿಸಿದವರೂ ಉಂಟು. ಕಾರಣ ಹೇಳಲು ಹೋದರೆ ಅದು ದೊಡ್ಡ ಕಥೆ. ಇವತ್ತು ನಾನು ದುಡಿಯುವ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಕಡಿಮೆ, ಮದುವೆಗಳ ಲಗ್ನಸರಾಯಿ ಮುಗಿದಿದೆ, ಕಂಪ್ಯೂಟರು ಖಾಲಿ ಕೂತಿದೆ. ಮೊದಲು ಸೀಸದ ಮೊಳೆ ಜೋಡಿಸುತ್ತಿದ್ದ ಕೈ ಇದು, ಈಗ ಒಂದೇ ಬೆರಳಿನಿಂದ ಕೀಲಿ ಹುಡುಕಿ ಹುಡುಕಿ ಒತ್ತುತ್ತದೆ. ನಿಮಗೂ ಅವಸರ ಇಲ್ಲ ಎಂದುಕೊಂಡು ಹೇಳುತ್ತೇನೆ.

ನಮ್ಮ ಊರು ಉಟಗಿ, ಮಹಾರಾಷ್ಟ್ರದ ಗಡಿಯ ಜತ್ತದ ಹತ್ತಿರ. ಎಳ್ಳಮಾವಾಸ್ಯೆಯ ದಿನ ಅಲ್ಲಿ ಮನೆಯಲ್ಲಿ ಯಾರೂ ಇರುವುದಿಲ್ಲ, ಬುಟ್ಟಿ ಹೊತ್ತು ಎಲ್ಲರೂ ಹೊಲಕ್ಕೆ. ಬಿಳಿಜೋಳ ಆಗ ತೆನೆಯ ಹೊಡೆ ಹಿರಿದು ನಿಂತಿರುತ್ತದೆ, ಕಡಲೆ ಗಿಡದ ಹುಳಿ ಕಾಲಿಗೆ ಹತ್ತುತ್ತದೆ. ಭೂಮಿತಾಯಿ ಬಸುರಿ, ಅವತ್ತು ಅವಳ ಕುಬಸ. ಬಸುರಿಗೆ ಬಯಕೆಯ ಊಟ ಹಾಕಬೇಕಲ್ಲ, ಅದಕ್ಕೇ ಸಜ್ಜಿ ಕಡಬು, ಎಳ್ಳು ಹೋಳಿಗೆ, ಪುಂಡಿಪಲ್ಯ, ಬದನೆಕಾಯಿ, ಎಲ್ಲವನ್ನೂ ಕಲಸಿ ಹೊಲದ ತುಂಬ ಚೆಲ್ಲುತ್ತಾರೆ. ಮುಂದೆ ಒಬ್ಬ ಚೆಲ್ಲುತ್ತ ಕೂಗು ಹಾಕುತ್ತ ಹೋಗುತ್ತಾನೆ, ಹಿಂದೆ ಒಬ್ಬ ನೀರು ಚಿಮುಕಿಸುತ್ತ ಮರುಕೂಗು ಕೊಡುತ್ತಾನೆ. ಇದೇ ಚರಗ. ಇಷ್ಟು ಎಲ್ಲರ ಮನೆಯಲ್ಲೂ ಇದೆ. ನಮ್ಮ ಮನೆತನದಲ್ಲಿ ಇನ್ನೊಂದು ರೂಢಿ ಸೇರಿಕೊಂಡಿದೆ. ಬನ್ನಿ ಗಿಡದ ಬುಡದಲ್ಲಿ, ಸುಣ್ಣ ಬಳಿದು ಪಾಂಡವರೆಂದು ಪೂಜಿಸುವ ಕಲ್ಲುಗಳ ಮುಂದೆ ಒಂದು ಎಡೆ ಬಡಿಸಿಟ್ಟು, ಎಲ್ಲರೂ ಊಟ ಮಾಡಿ, ಬುಟ್ಟಿ ಎತ್ತಿಕೊಂಡು ಹೊರಡಬೇಕು. ಹೊರಟ ಮೇಲೆ ಹೊಲದ ದಾರಿ ಮುಗಿಯುವ ತನಕ ಯಾರೂ ಹೊಳ್ಳಿ ನೋಡಬಾರದು.

"ಯಾಕವ್ವಾ?" ಎಂದು ಸಣ್ಣವನಿದ್ದಾಗ ನಾನು ನನ್ನ ತಾಯಿಯನ್ನು ಕೇಳಿದ್ದೆ.

"ಈಗ ಭೂಮಿತಾಯಿ, ಪಾಂಡವರು ಉಣ್ಣಾಕ ಬರತಾರ. ಉಣ್ಣೋರ ಬಾಯಿ ನೋಡಬಾರದು. ನೋಡಿದ್ರ ಅರ್ಧಕ್ಕ ಏಳತಾರ."

"ಎದ್ದರ?"

"ಎದ್ದರ ಮನಿಗೆ ಛಲೋ ಅಲ್ಲ."

ಅವ್ವ ಇದನ್ನು ಹೆದರಿಸಲು ಹೇಳಿದ್ದಲ್ಲ. ಅವಳ ನಡೆಯೇ ಹಾಗಿತ್ತು. ಮನೆಗೆ ಕುರಿಯವರು ಬರಲಿ, ಆಳು ಬರಲಿ, ಬಡಿಸಿದ ಮೇಲೆ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದಳು. ತಾನು ಉಣ್ಣುವಾಗಲೂ ನಮಗೆ ಬೆನ್ನು ಕೊಟ್ಟು ಒಲೆಯ ಕಡೆ ತಿರುಗಿ ಕೂಡುತ್ತಿದ್ದಳು. ಆದರೆ ಕೇಳಿದವನು ನಾನು. "ಛಲೋ ಅಲ್ಲ" ಎಂಬ ಮಾತು ನನ್ನ ಕುತ್ತಿಗೆಯ ನರಗಳಲ್ಲಿ ಇಳಿದು ಕೂತಿತು. ಹೊಲದಿಂದ ಮರಳುವಾಗ ಬೆನ್ನ ಹಿಂದೆ ಸಪ್ಪಳ ಕೇಳಿದಂತಾಗುತ್ತಿತ್ತು. ಗಾಳಿಗೆ ಜೋಳದ ಎಲೆ ಉಜ್ಜುವ ಸಪ್ಪಳ ಎಂದು ಈಗ ಹೇಳಬಲ್ಲೆ. ಆಗ ನನಗೆ ಅದು ಭೀಮ ಕಡಬು ಅಗಿಯುವ ಸಪ್ಪಳ.

ನಾನು ಸಾಲಿಗೆ ಹೋಗಿದ್ದು ತಡವಾಗಿ. ಮೊದಲ ವರ್ಷಗಳೆಲ್ಲ ಕುರಿಗಳ ಹಿಂದೆ ಕಳೆದವು. ಮೀಸೆ ಮೂಡುವ ಹೊತ್ತಿಗೆ ನಾನು ನಾಲ್ಕನೆಯ ಇಯತ್ತೆಯಲ್ಲಿ, ಮೂಗು ಸುರಿಸುವ ಮಕ್ಕಳ ಹಿಂದಿನ ಸಾಲಿನಲ್ಲಿ, ಒಂಟೆಯ ಹಾಗೆ ಕೂಡುತ್ತಿದ್ದೆ. ಮಾಸ್ತರರು ಭೂಮಿ ಚೆಂಡಿನಂತೆ ಗುಂಡಗಿದೆ, ತಿರುಗುತ್ತದೆ ಎಂದು ಹೇಳಿದ ದಿನ ನಾನು ಎದ್ದು ನಿಂತು, "ಸರ್, ಹಂಗಾರ ಆಕೀ ಬಾಯಿ ಯಾವ ಕಡೀಗೆ ಬರತೈತ್ರಿ?" ಎಂದು ಕೇಳಿದೆ. ನನಗೆ ನಿಜವಾಗಿ ತಿಳಿಯಬೇಕಾಗಿತ್ತು. ನಾವು ಚೆಲ್ಲಿದ ಚರಗ ಸರಿಯಾದ ಕಡೆ ಬೀಳುತ್ತದೋ ಇಲ್ಲವೋ ಎಂಬ ಚಿಂತೆ. ಮಾಸ್ತರರು ನಗು ತಡೆಯಲು ಬೆನ್ನು ತಿರುಗಿಸಿ ಬೋರ್ಡು ಒರೆಸಿದರು. ಮಕ್ಕಳು ತಡೆಯಲಿಲ್ಲ. ಆ ವರ್ಷ ಪೂರ್ತಿ ನನ್ನ ಹೆಸರು 'ಭೂಮಿಬಾಯಿ'.

ಇಷ್ಟಾದವನು ನನ್ನ ಮಗಳಿಗೆ ಅದೇ ಕಥೆ ಹೇಳಬಾರದಿತ್ತು, ಅಲ್ಲವೇ? ಹೇಳಿದೆ. ಅಷ್ಟೇ ಅಲ್ಲ, ಹೊಸದಾಗಿ ಸೇರಿಸಿ ಹೇಳಿದೆ.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಜತ್ತದ ಪ್ರೆಸ್ಸಿನಲ್ಲಿ ಮರಾಠಿ, ಕನ್ನಡ ಎರಡೂ ಲಗ್ನಪತ್ರಿಕೆಗಳಿಗೆ ಮೊಳೆ ಜೋಡಿಸುತ್ತಿದ್ದೆ. ಮಗಳು ಶೈಲಾ ಎರಡನೆಯ ಇಯತ್ತೆ. ಆ ವರ್ಷ ಬೇಸಿಗೆಯಲ್ಲಿ ಅವ್ವ ತೀರಿಕೊಂಡಿದ್ದಳು. ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತೇವೆ. ಬನ್ನಿ ಗಿಡದಿಂದ ನಾಲ್ಕು ಹೆಜ್ಜೆ ಆಚೆ, ನಮ್ಮ ಹೊಲದ ಬದುವಿನಲ್ಲೇ ಅವ್ವ ಇದ್ದಾಳೆ. ಶೈಲಾ ಅವಳನ್ನು ಆಯಿ ಎನ್ನುತ್ತಿದ್ದಳು. ಉಟಗಿಗೆ ಹೋದಾಗಲೆಲ್ಲ ಆಯಿಯ ಸೀರೆಯ ಸೆರಗು ಬೆರಳಿಗೆ ಸುತ್ತಿಕೊಳ್ಳದೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋದಾಗ ಆ ಮಣ್ಣಿನ ಗುಡ್ಡೆ ನೋಡಿ ಹುಡುಗಿ ಸಪ್ಪಗಾದಳು. ನನಗೆ ತಡೆಯಲಾಗಲಿಲ್ಲ.

"ಇವತ್ತ ಭೂಮಿತಾಯಿ ಉಣ್ಣಾಕ ಬರತಾಳಲ್ಲ, ಆಕೀ ಸಂಗಾಟ ನಿಮ್ಮ ಆಯಿನೂ ಬರತಾಳ" ಎಂದೆ.

ಶೈಲಾಳ ಮುಖ ಅರಳಿತು. ತನ್ನ ಪಾಲಿನ ಎಳ್ಳು ಹೋಳಿಗೆಯನ್ನು ಎಡೆಯಲ್ಲಿ ಮೇಲೆ ಇಟ್ಟಳು. ಆಯಿಗೆ ಹಲ್ಲಿಲ್ಲ ಎಂದು ನೆನಪಾಗಿ ಅದನ್ನು ಮುರಿದು ಸಣ್ಣ ಸಣ್ಣ ತುಂಡು ಮಾಡಿದಳು. ನನ್ನ ಕಣ್ಣು ತುಂಬಿ ಬಂತು, ಎಂಥ ಛಲೋ ಮಾತು ಹೇಳಿದೆ ಎಂದು ಬೆನ್ನು ತಟ್ಟಿಕೊಂಡೆ. ಹೊರಡುವಾಗ, "ಹೊಳ್ಳಿ ನೋಡಬ್ಯಾಡವಾ. ಉಣ್ಣೋರ ಬಾಯಿ ನೋಡಬಾರದು, ಅರ್ಧಕ್ಕ ಏಳತಾರ" ಎಂದೆ. ಎದ್ದರೆ ಏನಾಗುತ್ತದೆ ಎಂದು ಕೇಳಿದಳು. ನನ್ನ ಬಾಯಲ್ಲಿ ಅವ್ವನ 'ಮನಿಗೆ ಛಲೋ ಅಲ್ಲ' ಎಂಬ ಮಾತೇ ಬಂತು.

ಹಬ್ಬ ಮುಗಿದು ಸ್ವಲ್ಪ ದಿನಕ್ಕೆ ನನ್ನ ಅಪ್ಪ, ಅಂದರೆ ಶೈಲಾಳ ಮುತ್ತ್ಯಾ, ಉಟಗಿಯಿಂದ ಬೆಳಗಿನ ಬಸ್ಸಿಗೆ ಜತ್ತಕ್ಕೆ ಬಂದ. ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯಲು ಹೋದರೆ ಚಹಾ ಒಂದು ಕಡೆಯಿಂದ ಸೋರಿ ಅಂಗಿಯ ಮೇಲೆ ಬಿತ್ತು. ಮನೆಗೆ ಬಂದವನ ಮುಖ ನೋಡಿದೆ. ಬಾಯಿ ಪೂರ್ತಿ ಎಡಕ್ಕೆ ಜಗ್ಗಿತ್ತು, ಬಲಗಣ್ಣು ಮುಚ್ಚುತ್ತಿರಲಿಲ್ಲ. ಲಕ್ವಾ ಎಂದೇ ತಿಳಿದು ದವಾಖಾನೆಗೆ ಓಡಿದೆವು. ಡಾಕ್ಟರು ಕೈಕಾಲು ಎತ್ತಿಸಿ ನೋಡಿ, ಇದು ಲಕ್ವಾ ಅಲ್ಲ, ಮುಖದ ನರ ಸೋತಿದೆ, ಕೆಲವು ತಿಂಗಳಲ್ಲಿ ಮರಳುತ್ತದೆ ಎಂದರು. ಗುಳಿಗೆ ಕೊಟ್ಟರು. ಮುಖಕ್ಕೆ ಕೆಲಸ ಬೇಕು, ದಿನಾ ಫುಗ್ಗಾ, ಅಂದರೆ ಬಲೂನು, ಊದಿಸಿರಿ ಎಂದರು.

ಅಪ್ಪ ನಮ್ಮ ಮನೆಯಲ್ಲೇ ಉಳಿದ. ತಲೆಗೆ ಹಳದಿ ಪಟಕಾ ಸುತ್ತಿದ ಮುದುಕ ಕಟ್ಟೆಯ ಮೇಲೆ ಕೂತು ಕೆಂಪು ಫುಗ್ಗಾ ಊದುವುದು, ಗಾಳಿ ತುಟಿಯ ಸಂದಿಯಿಂದ ಪುಸ್ಸೆಂದು ಹೋಗುವುದು, ಓಣಿಯ ಮಕ್ಕಳಿಗೆ ಅದೇ ಒಂದು ಜಾತ್ರೆ. ನಕ್ಕರೆ ಅಪ್ಪನೂ ನಗುತ್ತಿದ್ದ, ಅರ್ಧ ಮುಖದಿಂದ. ನಗದವಳು ಶೈಲಾ ಒಬ್ಬಳೇ. ಮುತ್ತ್ಯಾನ ಮುಂದೆ ಬರುವುದನ್ನೇ ಬಿಟ್ಟಳು.

ಅದೇ ಹೊತ್ತಿಗೆ ಸಾಲಿಯ ಅಕ್ಕೋರು ಕಸ್ತೂರಿಯನ್ನು ಕರೆಸಿದರು. ಹುಡುಗಿ ಕುತ್ತಿಗೆ ತಿರುಗಿಸುವುದಿಲ್ಲ, ಹಿಂದಿನಿಂದ ಕರೆದರೆ ಇಡೀ ಮೈ ಗಟ್ಟಿ ಮಾಡಿಕೊಂಡು ನಿಲ್ಲುತ್ತಾಳೆ, ಮಕ್ಕಳು ಬೇಕೆಂದೇ ಬೆನ್ನ ಹಿಂದೆ ಹೋಗಿ ಕೂಗಿ ನಗುತ್ತಾರೆ ಎಂದರು. ಆಗ ನಾವೂ ಗಮನಿಸಿದೆವು. ಹೌದು. ಊಟಕ್ಕೆ ಕೂತರೂ, ಆಟಕ್ಕೆ ನಿಂತರೂ ಕುತ್ತಿಗೆ ಕಂಬದಂತೆ. ಮುತ್ತ್ಯಾನಿಗೆ ಬಂದ ನರದ ಬ್ಯಾನಿಯೇ ಹುಡುಗಿಗೂ ಬಂತೇ? ಪ್ರೆಸ್ಸಿನಲ್ಲಿ ವರನ ಹೆಸರಿನ ಜಾಗದಲ್ಲಿ ವರನ ಅಪ್ಪನ ಹೆಸರು ಜೋಡಿಸಿಬಿಟ್ಟೆ. ಡಾಕ್ಟರು ಬೆರಳಿಂದ ಕುತ್ತಿಗೆ ಒತ್ತಿ, ಜ್ವರ ನೋಡಿ, "ಏನೂ ಇಲ್ಲ, ಹುಡುಗಿ ತಾನ ಬಿಗಿ ಹಿಡದಾಳ" ಎಂದರು. ಏನೂ ಇಲ್ಲ ಎಂದರೆ ತಂದೆಗೆ ಸಮಾಧಾನ ಆಗಬೇಕು. ನನಗೆ ಇನ್ನೂ ಭಯ ಆಯಿತು.

ಗೊತ್ತಾದದ್ದು ಒಂದು ರವಿವಾರ ಬೆಳಿಗ್ಗೆ. ಕಸ್ತೂರಿ ಹೆರಳು ಹಾಕುತ್ತ, "ತಲಿ ಸ್ವಲ್ಪ ಹೊಳ್ಳಸವಾ" ಎಂದು ಗದ್ದ ಹಿಡಿದು ತಿರುಗಿಸಿದಳು. ಹುಡುಗಿ ಚಿಟ್ಟನೆ ಚೀರಿದಳು.

"ಬ್ಯಾಡ! ಬ್ಯಾಡ! ನೀನೂ ಹಂಗ ಆಗತಿ!"

"ಏನಾಗತೀನಿ?"

"ಮುತ್ತ್ಯಾನ ಗತೆ. ನಾ ಅವತ್ತ ಹೊಲದಾಗ ಹೊಳ್ಳೀನಿ. ಆಯಿ ಅರ್ಧಕ್ಕ ಎದ್ದಾಳ. ಅದಕ್ಕ ಮುತ್ತ್ಯಾನ ಮಾರಿ ಹೊಳ್ಳೇತಿ."

ಕಸ್ತೂರಿಯ ಕೈಯಲ್ಲಿ ಅರ್ಧ ಹೆಣೆದ ಹೆರಳು. ನನ್ನ ಕಡೆ ನೋಡಿದಳು. ಆ ನೋಟದ ಮುಂದೆ ಛತ್ರಿ ಕಳೆದಾಗಿನ ನೋಟ ಏನೂ ಅಲ್ಲ.

"ಖರೇ ಹೇಳಿಬಿಡ್ರಿ ಅಕೀಗೆ. ಇವತ್ತ."

"ಏನಂತ ಹೇಳ್ಲಿ?"

"ಕಥಿ ಅಂತ ಹೇಳ್ರಿ. ಪಾಂಡವ್ರೂ ಬರೂದಿಲ್ಲ, ಯಾರೂ ಬರೂದಿಲ್ಲ, ನಾಯಿ ತಿಂದು ಹೋಗತಾವ ಅಂತ ಹೇಳ್ರಿ. ಹೇಳುವಾಗ ನಾಲಿಗಿ ಭಾಳ ಉದ್ದ ಇತ್ತಲ್ಲ?"

ನನಗೆ ಒಮ್ಮೆಲೇ ಹೇಳುವ ಧೈರ್ಯ ಬರಲಿಲ್ಲ. ಪ್ರೆಸ್ಸಿನ ಮಾಲಕ ಮಹಬೂಬ ಚಾಚಾನ ಹತ್ತಿರ ಹೋದೆ. ಅವನ ಮನೆ ಪ್ರೆಸ್ಸಿನ ಹಿಂದೆಯೇ. ಎಲ್ಲ ಕೇಳಿ ಚಾಚಾ ಕನ್ನಡಕ ತೆಗೆದು ಅಂಗಿಯಿಂದ ಒರೆಸಿದ.

"ಶಂಕರಾ, ನಮ್ಮ ಅಮ್ಮಾ ಶಬೇ ಬರಾತಕ್ಕ ಹಲ್ವಾ ಮಾಡಿ ಬಾಗಲಾ ತೆರದ ಇಡತಿದ್ಲು. ಇವತ್ತ ಸತ್ತೋರು ಮನಿಗೆ ಬರತಾರ, ಚಿಲಕಾ ಹಾಕಿದ್ರ ನಿಮ್ಮ ಅಜ್ಜಾ ಹೊರಗ ನಿಂದರತಾನ ಅಂತಿದ್ಲು. ನಮ್ಮ ಹುಡುಗ ಈಗ ಕಾಲೇಜ್‌ಗೆ ಹೋಗತಾನ. ಕುರಾನ್ ಕಿತಾಬ್‌ದಾಗ ಹಂಗ ಎಲ್ಲೂ ಬರದಿಲ್ಲ ಅಬ್ಬಾ, ಅಂತಾನ. ಬರೋಬ್ಬರಿ ಐತಿ, ಇರಲಿಕ್ಕಿಲ್ಲ."

"ಮತ್ತ ನೀ ಚಿಲಕಾ ಹಾಕತಿಯೇನ್ ಚಾಚಾ?"

"ಹುಡುಗ ಹಾಕತಾನ" ಎಂದ ಚಾಚಾ. "ಅವ ಮಲಗಿದ ಮ್ಯಾಲ ನಾ ಎದ್ದು ತಗೀತೀನಿ."

ಇಂಥವನಿಂದ ನನಗೆ ಏನು ಸಲಹೆ ಸಿಕ್ಕೀತು? ಆದರೂ ಹೊರಡುವಾಗ, "ನನಗ ಚಿಲಕದ ಚಿಂತಿ ಅಷ್ಟ. ನಿನ್ನ ಹುಡುಗಿ ಕುತಿಗಿ ಹಿಡಕೊಂಡು ಕುಂತೈತಿ. ಲಗೂನ ಬಿಡಸು" ಎಂದ. ಅದು ತಾಗಿತು.

ಸಂಜೆ ಶೈಲಾಳನ್ನು ಹಿತ್ತಲ ಕಲ್ಲಿನ ಮೇಲೆ ಕೂಡಿಸಿಕೊಂಡೆ. ಮೊಳೆ ಜೋಡಿಸುವವನಿಗೆ ಅಕ್ಷರಗಳನ್ನು ಉಲ್ಟಾ ಓದುವುದು ಬರುತ್ತದೆ, ಒಂದು ನೇರ ಮಾತು ಹೇಳಲು ಬರಲಿಲ್ಲ. ಕೆಮ್ಮಿದೆ. ಭೂಮಿಗೆ ಬಾಯಿಲ್ಲ ಎಂದೆ. ಚರಗವನ್ನು ಹಕ್ಕಿ, ಇರುವೆ, ನಾಯಿ ತಿನ್ನುತ್ತವೆ, ಅವಕ್ಕೂ ಹಸಿವೆ ಇರುತ್ತದಲ್ಲ ಎಂದೆ. ಪಾಂಡವರು ಸುಣ್ಣ ಬಳಿದ ಕಲ್ಲು, ಹೊಳ್ಳಿ ನೋಡಬಾರದು ಎನ್ನುವುದು ದೊಡ್ಡವರು ಕಟ್ಟಿದ ಕಥೆ, ಮುತ್ತ್ಯಾನಿಗೆ ಆದದ್ದು ನರದ ಬ್ಯಾನಿ, ಆರಾಮಾಗುತ್ತಾನೆ, ನಿನ್ನಿಂದ ಏನೂ ಆಗಿಲ್ಲ ಎಂದೆ.

ಅವಳು ಬಹಳ ಹೊತ್ತು ಕೇಳಿದಳು. ಹೆಗಲು ಸ್ವಲ್ಪ ಇಳಿಯಿತು. ನಾನು ಉಸಿರು ಬಿಟ್ಟೆ.

"ಹಂಗಾರ ಆಯಿ ಬಂದಿಲ್ಲೇನು?"

ನಾನು ಅವಳ ಹೆರಳಿನ ರಿಬ್ಬನ್ ಸರಿ ಮಾಡತೊಡಗಿದೆ.

"ನನ್ನ ಹೋಳಿಗಿ ನಾಯಿ ತಿಂತೇನು?"

"ಗೊತ್ತಿಲ್ಲವಾ" ಎಂದೆ.

ಆಗ ಅತ್ತಳು ನೋಡಿ. ಆಯಿ ಸತ್ತ ದಿನ ಅವಳು ಹಾಗೆ ಅತ್ತಿರಲಿಲ್ಲ. ನಾನೇ ಆ ಮುದುಕಿಯನ್ನು ಎಬ್ಬಿಸಿ ತಂದು ಊಟಕ್ಕೆ ಕೂಡಿಸಿದ್ದೆ, ಈಗ ನಾನೇ ಎಬ್ಬಿಸಿ ಕಳಿಸಿದ್ದೆ, ಅರ್ಧಕ್ಕೆ.

ಮರುದಿನದಿಂದ ಕುತ್ತಿಗೆ ಸಡಿಲಾಯಿತು. ಸಾಲಿಯಲ್ಲಿ ಎಲ್ಲ ಕಡೆ ತಿರುಗುತ್ತಾಳೆ ಎಂದು ಅಕ್ಕೋರು ಹೇಳಿದರು, ಸ್ವಲ್ಪ ಜಾಸ್ತಿಯೇ ತಿರುಗುತ್ತಾಳೆ ಎಂದೂ ಹೇಳಿದರು. ಆದರೆ ಮನೆಯಲ್ಲಿ ಹೊಸದೊಂದು ಶುರುವಾಯಿತು. ಯಾರು ಏನು ಹೇಳಿದರೂ, "ಇದು ಖರೇನೋ, ಕಥಿನೋ?" ಗೌರಿ ಹುಣ್ಣಿಮೆಯ ಸಕ್ಕರೆ ಗೊಂಬೆ ತಿಂದರೆ ಜಾಣರಾಗುತ್ತಾರೆ ಎಂದ ಕಸ್ತೂರಿಗೂ ಅದೇ ಪ್ರಶ್ನೆ, ಬಿದ್ದ ಹಲ್ಲು ಮಾಳಿಗೆಯ ಮೇಲೆ ಎಸೆದರೆ ಹೊಸ ಹಲ್ಲು ಬರುತ್ತದೆ ಎಂದ ಪಕ್ಕದ ಮನೆಯವಳಿಗೂ ಅದೇ ಪ್ರಶ್ನೆ. ನಾನು ಹಲ್ಲುಗಳ ಬಗ್ಗೆ ಯೋಚಿಸುತ್ತ ಇರುವಾಗಲೇ ಅವಳು ಕೇಳಿದಳು:

"ಮುತ್ತ್ಯಾ ಆರಾಮ ಆಗತಾನ ಅಂದಿಯಲ್ಲಪಾ, ಅದೂ ಕಥಿನೇನು?"

"ಇಲ್ಲವಾ, ಅದು ಖರೆ. ಡಾಕ್ಟರ ಹೇಳ್ಯಾರ."

"ಆಯಿ ಬರತಾಳ ಅನ್ನುವಾಗೂ ನೀ ಹಿಂಗ ಅಂದಿದ್ದಿ."

ತಿಂಗಳು ಕಳೆದಿತ್ತು, ಅಪ್ಪನ ಬಾಯಿ ಇನ್ನೂ ಸೊಟ್ಟಗೇ ಇತ್ತು. ಡಾಕ್ಟರ ಮಾತನ್ನು ನಾನೇ ಒಳಗೊಳಗೆ ನಂಬುತ್ತಿರಲಿಲ್ಲ. ದಿನಾ ಬೆಳಿಗ್ಗೆ ಅಪ್ಪ ಏಳುವ ಮೊದಲು ಹೋಗಿ ಅವನ ಬಲಗಣ್ಣು ಮುಚ್ಚಿದೆಯೇ ಎಂದು ಬಗ್ಗಿ ನೋಡುತ್ತಿದ್ದೆ. ಅಪ್ಪನ ಸಲುವಾಗಿ ನೋಡುತ್ತಿದ್ದೆನೋ, ಮಗಳ ಮುಂದೆ ನನ್ನ ಮಾತು ಉಳಿಯಲಿ ಎಂದು ನೋಡುತ್ತಿದ್ದೆನೋ, ಈಗಲೂ ಗೊತ್ತಿಲ್ಲ. ಆ ಮುಖ ಮರಳದಿದ್ದರೆ ಹುಡುಗಿ ಇನ್ನು ಮೇಲೆ ನನ್ನ ಯಾವ ಮಾತನ್ನೂ ನಂಬುವುದಿಲ್ಲ ಎಂಬ ಹೆದರಿಕೆ ನನ್ನನ್ನು ಹಗಲೆಲ್ಲ ಹಿಡಿದಿತ್ತು. ಮೊಳೆಪೆಟ್ಟಿಗೆಯ ಮುಂದೆ ನಿಂತು ಒಂದೇ ಅಕ್ಷರವನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಲ್ಲುತ್ತಿದ್ದೆ.

ಈ ಗೊಂದಲ ಅಪ್ಪನ ಕಿವಿಗೂ ಬಿತ್ತು. ಅವನು ಬೈಯಲಿಲ್ಲ. ಕಟ್ಟೆಯ ಮೇಲೆ ಫುಗ್ಗಾ ಹಿಡಿದು ಕೂತವನು ಶೈಲಾಳನ್ನು ಕರೆದ.

"ಬಾ ಇಲ್ಲಿ, ನನ್ನವ್ವ. ಅವತ್ತ ಹೊಳ್ಳಿದ್ಯಲ್ಲ, ಏನ್ ಕಂಡಿ?"

ಈ ಪ್ರಶ್ನೆಯನ್ನು ನಾವು ಯಾರೂ ಕೇಳಿರಲಿಲ್ಲ. ನಾನು ಕೇಳಿರಲಿಲ್ಲ, ಕಸ್ತೂರಿ ಕೇಳಿರಲಿಲ್ಲ. ಶೈಲಾ ನೆಲ ನೋಡಿದಳು.

"ಏನೂ ಕಾಣಲಿಲ್ಲ."

"ಯಾಕ?"

"ಹೊಳ್ಳೂದ್ರಾಗ ಅಂಜಿಕಿ ಬಂತು. ಕಣ್ಣ ಮುಚ್ಚಿಕೊಂಡ್ನಿ."

ಅಪ್ಪ ನಗತೊಡಗಿದ. ಹೊಟ್ಟೆ ಕುಣಿಯುವಂತೆ ನಕ್ಕ. "ಕಣ್ಣ ಮುಚ್ಚಿಕೊಂಡು ಹೊಳ್ಳಿ ನೋಡಿದಳಂತ! ನಿಮ್ಮ ಆಯಿ ಇದ್ದಿದ್ರ ನಿನ್ನ ಕೈಯಾಗ ಬೆಲ್ಲಾ ಇಡತಿದ್ಲು. ಹಿಡಿ, ಇದನ ಊದು. ಒಬ್ಬನ ಊದಿ ಊದಿ ಸಾಕಾಗೈತಿ." ಅವತ್ತು ಇಬ್ಬರೂ ಒಂದೊಂದು ಫುಗ್ಗಾ ಹಿಡಿದು ಕೂತರು. ಅವಳದು ಉಬ್ಬಿತು, ಅವನದು ಪುಸ್ಸೆಂದಿತು. ಮರುದಿನವೂ ಕೂತರು. ಹೋಳಿ ಹುಣ್ಣಿಮೆ ಸಮೀಪ ಬಂದಾಗ ಒಂದು ದಿನ ನಾನು ಮಧ್ಯಾಹ್ನದ ಊಟಕ್ಕೆ ಬಂದರೆ ಅಪ್ಪನ ಫುಗ್ಗಾ ಕುಂಬಳಕಾಯಿಯಷ್ಟು ಆಗಿತ್ತು. ಶೈಲಾ ನನ್ನ ಕಡೆ ಓಡಿ ಬಂದು, "ಅಪ್ಪಾ, ಅದು ಖರೇ ಇತ್ತು!" ಎಂದಳು. ನಾನು ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡೆ.

ಮಕ್ಕಳಿಗೆ ಹಬ್ಬದ ಕಥೆಗಳನ್ನು ಖರೆ ಎಂದು ಹೇಳಬೇಕೋ ಬೇಡವೋ, ನನ್ನನ್ನು ಕೇಳಬೇಡಿ. ಹೇಳಿ ಕೆಟ್ಟೆ, ಹೇಳಿದ್ದನ್ನು ತಿರುಗಿಸಿಯೂ ಕೆಟ್ಟೆ. ಕಸ್ತೂರಿ ಇವತ್ತಿಗೂ ಹೇಳಬಾರದು ಎನ್ನುತ್ತಾಳೆ, ಎನ್ನುತ್ತಲೇ ಸಕ್ಕರೆ ಗೊಂಬೆ ಹಂಚುತ್ತಾಳೆ.

ಮುಂದಿನ ಎಳ್ಳಮಾವಾಸ್ಯೆ ಬಂತು. ನನಗೆ ಒಂದು ವಾರ ಮೊದಲೇ ಚಿಂತೆ ಶುರುವಾಯಿತು. ಹುಡುಗಿ ಏನು ಕೇಳುತ್ತಾಳೋ, ನಾಯಿ ಬರುತ್ತದೋ, ಬಂದರೆ ಏನು ಹೇಳಲಿ? ಅಪ್ಪ ಮುಂದೆ ಚರಗ ಚೆಲ್ಲುತ್ತ ನೆಟ್ಟಗಾದ ಬಾಯಿಂದ ಕೂಗು ಹಾಕಿದ, ನಾನು ಹಿಂದೆ ನೀರು ಚಿಮುಕಿಸಿದೆ. ಬನ್ನಿ ಗಿಡದ ಬುಡಕ್ಕೆ ಎಡೆ ಇಟ್ಟೆವು. ಶೈಲಾ ಏನನ್ನೂ ಕೇಳಲಿಲ್ಲ. ತನ್ನ ಪಾಲಿನ ಹೋಳಿಗೆಯನ್ನು ತಾನೇ ತಿಂದಳು. ನಾನು ಆ ಕಡೆ ನೋಡಲಿಲ್ಲ.

ಊಟ ಮುಗಿಸಿ ಹೊರಟೆವು. ಅಪ್ಪ, ಕಸ್ತೂರಿ ಮುಂದೆ ಹೋದರು. ಶೈಲಾ ನನ್ನ ಬೆರಳು ಹಿಡಿದು, ಹೊಲದ ಕಡೆ ಮುಖ ಮಾಡಿ, ಹಿಮ್ಮೆಟ್ಟಿ ಹಿಮ್ಮೆಟ್ಟಿ ನಡೆಯತೊಡಗಿದಳು. ಕಣ್ಣು ಅಗಲ ತೆರೆದಿದ್ದಳು.

"ಅಪ್ಪಾ, ನೀನೂ ಹೊಳ್ಳಿ ನೋಡು. ಏನೂ ಆಗೂದಿಲ್ಲ. ನೀನ ಹೇಳಿದಿ."

"ಹೌದವಾ" ಎಂದೆ. ನನ್ನ ಕುತ್ತಿಗೆ ತಿರುಗಲಿಲ್ಲ. ಬೆನ್ನ ಹಿಂದೆ ಜೋಳದ ಎಲೆಗಳು ಒಂದಕ್ಕೊಂದು ಉಜ್ಜುತ್ತಿದ್ದವು.

"ಅಂಜಿಕಿ ಬರತೈತೇನು?"

"ಇಲ್ಲ. ಕುತಿಗಿ ನೋಯಿಸಾಕತ್ತೈತಿ."

"ಖರೇನೋ, ಕಥಿನೋ?"

ನಾಲ್ಕು ಹೆಜ್ಜೆ ನಡೆದು, ನನಗೇ ತಡೆಯದೆ, "ಏನ್ ಕಾಣತೈತಿ?" ಎಂದೆ.

ಅವಳು ಹೊಲವನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು, ಮತ್ತೆ ಹೊಲವನ್ನು ನೋಡಿದಳು.

"ಉಣ್ಣಾಕತ್ತಾರಪಾ" ಎಂದಳು.

"ಯಾರವಾ?"

ಶೈಲಾ ಮುಂದಕ್ಕೆ ತಿರುಗಿ ನನ್ನ ಹೆಜ್ಜೆಗೆ ಹೆಜ್ಜೆ ಹಾಕಿದಳು.

"ಉಣ್ಣೋರ ಬಾಯಿ ನೋಡಬಾರದಪಾ. ನಡಿ."